ಎಕ್ಸ್‌ನ ತಲೆಯ ಮೇಲಿನ ಎರಡು

ಪ್ರೀತಿಯ ನಾಗರತ್ನಾ ಮೇಡಂ ಅವರಿಗೆ,

ನಿಂಬರ್ಗಾದಿಂದ ಮೈತ್ರಿಯ ನಮಸ್ಕಾರ. ಇದನ್ನು ನಾನು ಕೈಯಿಂದ ಬರೆಯುತ್ತಿಲ್ಲ. ಫೋನಿಗೆ ಹೇಳುತ್ತೇನೆ, ಅದು ಅಕ್ಷರ ಮಾಡುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಹತ್ತನೇ ತರಗತಿಯ ಗಣಿತಕ್ಕೆ ಕಾಗದವೇ ಬೇಡ ಎಂದು ನೀವು ಹೊರಟಿದ್ದು ನೆನಪಿದೆಯೇ? ತಪ್ಪಾದೀತೆಂದು ಹೆದರಿ ನಾವು ನೋಟ್‌ಬುಕ್ಕಿನಲ್ಲಿ ಲೆಕ್ಕವನ್ನೇ ಶುರು ಮಾಡುತ್ತಿರಲಿಲ್ಲ, ಅದರಿಂದ ನಿಮಗೆ ಬೇಸರವಾಗಿತ್ತು. ಮೊದಲು ಎಲ್ಲರ ಕೈಗೂ ಪಾಟಿ, ಬಳಪ ಕೊಟ್ಟಿರಿ. ಒಂದನೇತ್ತೆಯ ಮಕ್ಕಳಂತೆ ಕಾಣುತ್ತೇವೆಂದು ಹುಡುಗರು ನಕ್ಕರು. ಆಮೇಲೆ ಬೋರ್ಡಿನ ಫೋಟೋ ತೆಗೆದು ಮನೆಯವರ ಫೋನಿಗೆ ಕಳಿಸಿದಿರಿ. ಅರ್ಧ ಮಂದಿಯ ಮನೆಯಲ್ಲಿ ಅಂಥ ಫೋನೇ ಇರಲಿಲ್ಲ. ಕೊನೆಗೆ ಕಲಬುರಗಿಯ ಯಾರನ್ನೋ ಕಾಡಿ ಬೇಡಿ, ಬರೆಯುವ ಪೆನ್ನಿನ ಸಮೇತ ಟ್ಯಾಬುಗಳನ್ನು ತಂದಿರಿ. ಕರೆಂಟು ಹೋದರೆ ಅವು ಸಾಯುತ್ತಿದ್ದವು. ಬರೆದದ್ದು ಎಲ್ಲೋ ಮಾಯವಾಗುತ್ತಿತ್ತು. ಕೆಲವರು ಲೆಕ್ಕ ಬಿಟ್ಟು ನಿಮ್ಮ ಚಿತ್ರ ಬಿಡಿಸಿದರು. ಹೆಡ್‌ಮಾಸ್ತರರಿಗೆ ಮೊದಲಿಂದಲೂ ಅದು ಸರಿ ಬಂದಿರಲಿಲ್ಲ.

ಆದರೆ ಆ ಟ್ಯಾಬಿನ ಮೇಲೆ ನಾನು ಮೊದಲ ಬಾರಿ ಎರಡು ಬೆರಳು ಅಗಲಿಸಿದಾಗ ಏನಾಯಿತೆಂದು ನಿಮಗೆ ಎಂದೂ ಹೇಳಲಿಲ್ಲ. ಅಕ್ಷರ ದೊಡ್ಡದಾಗಿ, ಎಕ್ಸ್‌ನ ತಲೆಯ ಮೇಲೆ ಒಂದು ಪುಟ್ಟ ಎರಡು ಕಂಡಿತು. ಎಂಟನೇ ತರಗತಿಯಿಂದ ನಾನು ಆ ಎರಡನ್ನು ನೋಡೇ ಇರಲಿಲ್ಲ ಮೇಡಂ. ಎಲ್ಲರಿಗೂ ಬರುವ ಉತ್ತರ ನನಗೆ ಮಾತ್ರ ಯಾಕೆ ಬರುವುದಿಲ್ಲ ಎಂದು ಅತ್ತಿದ್ದೆ, ದಡ್ಡಿ ಅನ್ನಿಸಿಕೊಂಡಿದ್ದೆ, ನಾನೂ ಹಾಗೇ ನಂಬಿದ್ದೆ. ಆ ತಿಂಗಳು ವರ್ಗ ಸಮೀಕರಣಗಳನ್ನು ಹಸಿದವಳಂತೆ ಬಿಡಿಸಿದೆ.

ನೀವು ಬೆನ್ನ ಹಿಂದೆ ನಿಂತು, "ಇಷ್ಟು ದೊಡ್ಡದು ಯಾಕ ಮಾಡ್ಕೊಂಡೀದಿ ಮೈತ್ರಿ?" ಅಂದಿರಿ. ನಾನು ಉತ್ತರ ಕೊಡುವಾಗ ನಿಮ್ಮ ಮುಖ ಬಿಟ್ಟು ಭುಜದತ್ತ ನೋಡುತ್ತಿದ್ದೆ. ನೇರ ನೋಡಿದರೆ ನಡುವೆ ಎಲ್ಲ ಮಸುಕು, ಅಲ್ಲಿ ನೋಡಿದರೇ ನನಗೆ ನಿಮ್ಮ ಮುಖ ಕಾಣುತ್ತಿತ್ತು. ನೀವು ಅದನ್ನು ಗಮನಿಸಿದಿರಿ. ಮರುದಿನವೇ ಮನೆಗೆ ಹೇಳಿ ಕಳಿಸಿದಿರಿ, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು.

ಮುಂದಿನದನ್ನು ನೀವು ಕಂಡಿದ್ದೀರಿ. ಅಪ್ಪ ಕೂಲಿ ಬಿಟ್ಟು, ಓಣಿಯ ಮಂದಿಯನ್ನು ಕಟ್ಟಿಕೊಂಡು ಶಾಲೆಗೆ ಬಂದ. "ಆ ಹಾಳ ಡಬ್ಬಿ ಕೊಟ್ಟು ನನ್ನ ಮಗಳ ಕಣ್ಣ ತಗದೀರಿ ನೀವು" ಅಂದ. ನನ್ನ ಕಣ್ಣು ಮೊದಲೇ ಹೀಗಿದ್ದವು ಎಂದು ನಾನು ಕೂಗಿ ಹೇಳಿದೆ. ಅದು ಮೇಡಂ ಕಲಿಸಿಕೊಟ್ಟ ಮಾತು ಎಂದರು ಓಣಿಯವರು. ಹೆಡ್‌ಮಾಸ್ತರರು ಟ್ಯಾಬುಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದರು. ನಿಮ್ಮನ್ನು ಅಫಜಲಪುರಕ್ಕೆ ವರ್ಗ ಮಾಡಿ ಕಳಿಸಿದರು. ಹೋಗುವ ದಿನ ನೀವು ನನ್ನ ತಲೆ ಸವರಿ ಬಸ್ಸು ಹತ್ತಿದಿರಿ.

ಅಪ್ಪ ಆಳಂದದಲ್ಲಿ ಚಷ್ಮಾ ಕೊಡಿಸಿದ. ಅದರಿಂದ ಏನೂ ಆಗಲಿಲ್ಲ. ಪರೀಕ್ಷೆಗೆ ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೇಳಬಹುದಂತೆ, ಬರೆಯಲು ಒಬ್ಬರನ್ನು ಕೂಡಿಸಬಹುದಂತೆ. ನೀವಿದ್ದರೆ ಕೇಳುತ್ತಿದ್ದಿರಿ. ಉಳಿದವರು ಯಾರೂ ಕೇಳಲಿಲ್ಲ. ಗಣಿತದ ದಿನ ಮೂಗು ಕಾಗದಕ್ಕೆ ತಾಗಿಸಿಕೊಂಡು ಕುಳಿತೆ. ಗಂಟೆ ಹೊಡೆದಾಗ ನನ್ನ ಉತ್ತರಪತ್ರಿಕೆ ಬಹುಪಾಲು ಖಾಲಿ ಇತ್ತು. ಲೆಕ್ಕಗಳೆಲ್ಲ ನನಗೆ ಬರುತ್ತಿದ್ದವು ಮೇಡಂ. ಈಗ ಅವ್ವನ ಜೊತೆ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋಗುತ್ತೇನೆ. ಕಳೆ ಯಾವುದು, ತೊಗರಿ ಯಾವುದು ಎಂದು ಎಲೆ ಮುಟ್ಟಿ ತಿಳಿಯುತ್ತೇನೆ.

ಹೋದ ತಿಂಗಳು ಕೊನೆಗೂ ಕಲಬುರಗಿಯ ಆಸ್ಪತ್ರೆಗೆ ಹೋದೆವು. ಇದು ಹುಟ್ಟಿನಿಂದಲೇ ಒಳಗಿದ್ದು ಬೆಳೆದಂತೆ ತೋರುವ ರೋಗ, ತಂದೆ ತಾಯಿ ಇಬ್ಬರ ರಕ್ತದಿಂದಲೂ ಬಂದದ್ದು, ಟ್ಯಾಬಿಗೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಹೋದ ನೋಟ ಮರಳುವುದಿಲ್ಲ. ಬೇರೆ ಮಕ್ಕಳಿದ್ದರೆ ಕರೆತನ್ನಿ ಎಂದರು. ಏಳನೇ ತರಗತಿಯ ನನ್ನ ತಂಗಿ ರಮಾಳನ್ನು ಕರೆದೊಯ್ದೆವು. ಅವಳಿಗೂ ಶುರುವಾಗಿದೆ.

ಅಪ್ಪ ಒಬ್ಬನೇ ಶಾಲೆಗೆ ಹೋಗಿ, ರಮಾಳಿಗಾಗಿ ಒಂದು ಟ್ಯಾಬು ಕೊಡಿ ಎಂದು ಹೆಡ್‌ಮಾಸ್ತರರನ್ನು ಕೇಳಿದನಂತೆ. ಕಪಾಟು ತೆರೆದು ತೋರಿಸಿದರಂತೆ. ಒಳಗಿದ್ದಲ್ಲೇ ಬ್ಯಾಟರಿ ಉಬ್ಬಿ ಎಲ್ಲವೂ ಒಡೆದಿದ್ದವು. ಮನೆಗೆ ಬಂದವನು ಊಟ ಮುಟ್ಟಲಿಲ್ಲ. "ಆ ಸಾಲಿ ಬಾಯಾರು ನನ್ನ ಮಾರಿ ನೋಡ್ತಾರೇನವ್ವಾ?" ಎಂದು ನನ್ನನ್ನು ಕೇಳಿದ. ನನಗೆ ಅವನ ಮೇಲೆ ಇನ್ನೂ ಸಿಟ್ಟಿದೆ. ಆದರೂ ಮೇಡಂ ನಿನ್ನ ಮುಖ ನೋಡ್ತಾರೆ ಅಂದೆ.

ಈ ಭಾನುವಾರ ಅವನು ಚೌಡಾಪುರದಲ್ಲಿ ಬಸ್ಸು ಬದಲಿಸಿ, ರಮಾಳನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತಾನೆ. ಬೈಯುವುದಿದ್ದರೆ ಅವನನ್ನು ಹೊರಗೆ ನಿಲ್ಲಿಸಿ ಬೈಯಿರಿ. ರಮಾಳನ್ನು ಒಳಗೆ ಕೂಡಿಸಿಕೊಳ್ಳಿ. ಅವಳಿಗೆ ಏನಾಗಿದೆಯೆಂದು ನಾವಿನ್ನೂ ಹೇಳಿಲ್ಲ. ಹೇಗೆ ಹೇಳಬೇಕೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೀವೇ ಹೇಳಿ ಮೇಡಂ. ಹೇಳಿದ ಮೇಲೆ ಒಂದು ಲೆಕ್ಕ ಕೊಡಿ.

ನಿಮ್ಮ ಕಣ್ಣು ತಂಪಾಗಿರಲಿ, ನಿಮ್ಮ ಮನೆ ತಂಪಾಗಿರಲಿ.

ಇಂತಿ ನಿಮ್ಮ ವಿದ್ಯಾರ್ಥಿನಿ,
ಮೈತ್ರಿ ಜಗದೇವ, ನಿಂಬರ್ಗಾ