ಕೊನೆಯ ಕೂಗು

ಮೆಂಫಿಸ್, 14 ಅಕ್ಟೋಬರ್ 1966, ಶುಕ್ರವಾರ

ಆರು ವರ್ಷ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಸೋಲ್ ಸಂಗೀತ ಹಾಡಿದ ಮೇಲೆ ಇವತ್ತು ನನ್ನ ಹಾಡು ರೇಡಿಯೊದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೂರನೆಯದಾಗಿದೆ. ಖುಷಿಪಡಬೇಕಿತ್ತು. ಆದರೆ ಹಾಡಿನ ಕೊನೆಗೆ ಬರುವ ಆ ಉದ್ದನೆಯ ಕೂಗು ನನ್ನದಲ್ಲವೇನೋ ಎನಿಸುತ್ತಿದೆ.

ರೆಕಾರ್ಡಿಂಗ್ ದಿನ ಸಂಜೆ ನನಗೆ ಜ್ವರ, ಗಂಟಲು ಕಟ್ಟಿತ್ತು. "ಚೆನ್ನಾಗೇ ಬಂದಿದೆ, ಮನೆಗೆ ಹೋಗಮ್ಮ" ಎಂದು ಸ್ಟುಡಿಯೊ ಯಜಮಾನ ಕಳಿಸಿಬಿಟ್ಟ. ಹಿಂದೆ ನಿಂತು ದನಿಗೂಡಿಸುವ ನನ್ನ ತಂಗಿ ವರ್ನೆಲ್ ಮಾತ್ರ ಅಲ್ಲೇ ಉಳಿದಳು. ಯಾಕೆ?

ಬೆಳಿಗ್ಗೆ ತಲೆ ಬಾಚಿಸಿಕೊಳ್ಳಲು ಹೋದರೆ ಅಂಗಡಿಯ ಮಿಸ್ ಒಡೆಸ್ಸಾ, "ಆ ಕೊನೇ ಕೂಗು ಕೇಳಿ ಕೈಲಿದ್ದ ಬಾಚಣಿಗೆ ಬಿದ್ದೋಯ್ತು ಕಣೇ ಲುರೀನ್!" ಎಂದಳು. ಎಲ್ಲರೂ ಹೊಗಳುವುದು ಅದನ್ನೇ.

ಮನೆಗೆ ಬಂದು ವರ್ನೆಲ್‌ಳನ್ನು ಕೇಳಿದೆ. "ನಿಂದೇ ಅಕ್ಕ. ಜ್ವರದಲ್ಲಿ ಮರ್ತಿದೀಯ" ಎಂದಳು, ನನ್ನ ಮುಖ ನೋಡದೆ.

ಕೋಣೆಯಲ್ಲಿ ಕೂತು ಆ ಕೂಗನ್ನು ಹಾಡಿ ನೋಡಿದೆ. ದನಿ ಅರ್ಧಕ್ಕೇ ಒಡೆಯಿತು. ಅಡುಗೆಮನೆಯಲ್ಲಿ ಸೊಪ್ಪು ತೊಳೆಯುತ್ತಿದ್ದ ವರ್ನೆಲ್ ತನಗೇ ಅರಿವಿಲ್ಲದೆ ಅದನ್ನು ಪೂರ್ತಿ ಮಾಡಿದಳು. ಮರುಕ್ಷಣವೇ ನಲ್ಲಿಯನ್ನು ಜೋರಾಗಿ ತಿರುಗಿಸಿದಳು.

ಹೋಗಿ ಬಾಗಿಲಲ್ಲಿ ನಿಂತೆ.

"ಅದು ನಾನು ಕೂಗಿದ್ದು ಅಂತ ಬಾಯಿಬಿಟ್ರೆ ನಿನ್ನ ಹಾಡನ್ನೇ ಹೊರಗೆ ಬಿಡಲ್ಲ ಅಂದ್ರು ಯಜಮಾನ್ರು, ಅಕ್ಕ" ಎಂದು ಅತ್ತಳು.

ಯಜಮಾನನಿಗೆ ಫೋನ್ ಮಾಡಿ, ನಾಳೆ ಜನರೆದುರು ಈ ಹಾಡು ಹಾಡುವಾಗ ವೇದಿಕೆಯಲ್ಲಿ ನನ್ನ ಪಕ್ಕಕ್ಕೇ ವರ್ನೆಲ್‌ಗೂ ಒಂದು ಮೈಕು ಇಡಬೇಕು ಎಂದೆ. "ಯಾಕೆ?" ಎಂದ. ಫೋನ್ ಇಟ್ಟುಬಿಟ್ಟೆ.

ತಂಗಿಯ ಮೇಲಿನ ಪ್ರೀತಿಗೆ ಆ ಮೈಕು ಕೇಳಿದೆನೋ, ನಾಳೆ ಆ ಕೂಗು ನನ್ನಿಂದಾಗದು ಎಂಬ ಹೆದರಿಕೆಗೋ? ಈಗ ನನ್ನನ್ನೇ ನಾನು ನಂಬಲಾರೆ. ಪ್ರೀತಿಗೇ ಎಂದು ಬರೆದೆ, ಮತ್ತೆ ಅದನ್ನು ಹೊಡೆದುಹಾಕಿದೆ.