ಅಟ್ಟದಲ್ಲಿ ಒಣಗಿದ ಚುಟ್ಟಾ

ಮಾರ್ಚ್ 3, ಸೋಮವಾರ

ಎದ್ದ ಕೂಡಲೇ ಸಿಗಾರ್ ಡಬ್ಬದ ಮುಳ್ಳು ನೋಡಿದೆ. ತೇವ ಅರವತ್ತೇಳು. ಪರವಾಗಿಲ್ಲ. ಸ್ಪಂಜಿಗೆ ಎರಡು ಮುಚ್ಚಳ ಡಿಸ್ಟಿಲ್ಡ್ ವಾಟರ್ ಹಾಕಿ ಮುಚ್ಚಿದೆ. ನೀರು ಬ್ಯಾಟರಿ ಅಂಗಡಿ ರಾಜಣ್ಣನದು. ಈ ಹುಡುಗಿ ಪದೇ ಪದೇ ಕ್ಯಾನ್ ಒಯ್ಯುತ್ತಾಳಲ್ಲ, ಮನೆಯಲ್ಲಿ ಎಷ್ಟು ಯುಪಿಎಸ್ ಇದೆ ಎಂದು ಅವನಿಗೆ ಅನುಮಾನ. ಸಿಗಾರ್‌ಗೆ ಎಂದರೆ ಸಂಜೆಯೊಳಗೆ ತಿಪಟೂರಿಗೆಲ್ಲ ಗೊತ್ತಾಗುತ್ತದೆ.

ಬೆಂಗಳೂರಿನಿಂದ ಬಾಸ್ ಕೃತಿಕಾ ಮೇಡಂ ಹೊಸ ಪಿಪಿಟಿ ಕಳಿಸಿದ್ದಾರೆ. ಎಮರ್ಜಿಂಗ್ ಮಾರ್ಕೆಟ್, ಪ್ರೀಮಿಯಂ ಸೆಗ್ಮೆಂಟ್... ಅದರಲ್ಲಿ ನಮ್ಮೂರು ಒಂದು ಚುಕ್ಕಿ. ಆ ಚುಕ್ಕಿ ನನ್ನ ಜವಾಬ್ದಾರಿ — ತುಮಕೂರಿನಿಂದ ಹಾಸನದವರೆಗೆ ಸಿಗಾರ್ ಮಾರುವುದು. ರೆಸಾರ್ಟು, ಕ್ಲಬ್ಬು, ಕ್ರಷರ್ ಮಾಲೀಕರ ತೋಟದ ಮನೆ. ಇಷ್ಟು ದಿನ ಸುತ್ತಿ ಕಲಿತದ್ದು ಇದು: ನಮ್ಮ ಕಡೆ ಸಿಗಾರ್ ಸೇದುವವರಿಗಿಂತ ಹಿಡಿದುಕೊಳ್ಳುವವರು ಜಾಸ್ತಿ. ಬೀಡಿ ಮರೆಯಲ್ಲಿ, ಸಿಗಾರ್ ಫೋಟೋದಲ್ಲಿ. ಸುತ್ತಿರುವ ಬಂಗಾರದ ಪಟ್ಟಿ ಕ್ಯಾಮೆರಾ ಕಡೆಗೇ ತಿರುಗಿರಬೇಕು. ಹಚ್ಚುವುದು ಆಮೇಲೆ. ಹಚ್ಚದೆಯೂ ನಡೆಯುತ್ತದೆ.

ಮೊದಮೊದಲು ನಗು ಬರುತ್ತಿತ್ತು. ಈಗ ಇಲ್ಲ. ಹೊಸದಾಗಿ ಕೈಗೆ ಕಾಸು ಬಂದವರಿಗೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಟ. ನಾನು ಕೈಗೊಂದು ಕೊಡುತ್ತೇನೆ, ಅಷ್ಟೆ.

ಮಾರ್ಚ್ 6, ಗುರುವಾರ

ತುರುವೇಕೆರೆಗೆ ಹೋಗಿದ್ದೆ. ಶಿವಮೂರ್ತಿ ಡಾಕ್ಟ್ರು — ರಿಟೈರ್ಡ್ — ನಿಜವಾಗಿ ಸೇದುವ ನನ್ನ ಒಬ್ಬರೇ ಗಿರಾಕಿ. ಭಾನುವಾರಕ್ಕೊಂದು. ಸಿಗಾರನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿ ನೋಡಿದರು. ಸದ್ದು ಬರಬಾರದು. ಬಂದರೆ ಒಣಗಿ ಹೋಗಿದೆ ಎಂದರ್ಥ, ಇನ್ನು ಅದು ಸಿಗಾರಲ್ಲ, ಸೌದೆ.

ಮನೆಗೆ ಬಂದರೆ ಅಪ್ಪಾಜಿ ಅಂಗಳದಲ್ಲಿ ಕೂತು ಅಟ್ಟದಿಂದಿಳಿಸಿದ ಕಾಯಿಗಳನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಗಡಗಡ ಎನ್ನಬೇಕು. ಸದ್ದು ಬರದ ಕಾಯಿ ಮತ್ತೆ ಅಟ್ಟಕ್ಕೆ. ಒಬ್ಬಳೇ ನಕ್ಕೆ.

ಜೊತೆಗೆ ಮಂಡಿಯ ಚಿಕ್ಕರಂಗಯ್ಯನವರಿದ್ದರು. ಮಗಳಿಗೆ ಏನು ಕೆಲಸ ಎಂದು ಕೇಳಿದ್ದಕ್ಕೆ ಅಪ್ಪಾಜಿ ಕಾಯಿಯಿಂದ ಕಣ್ಣೆತ್ತದೆ, "ಎಕ್ಸ್‌ಪೋರ್ಟ್ ಕಂಪ್ನೀಲವ್ಳೆ" ಎಂದರು. ನಮ್ಮದು ಇಂಪೋರ್ಟ್. ಸುಳ್ಳನ್ನಾದರೂ ನೆಟ್ಟಗೆ ಹೇಳಬಾರದೇ!

ಕೆಲಸ ಸಿಕ್ಕಿದ ದಿನ ಅಪ್ಪಾಜಿ ಹೇಳಿದ್ದು ಒಂದೇ ಮಾತು: "ಲಿಂಗ ಕಟ್ಟಿದ ಮನೇಲಿ ಚುಟ್ಟಾ ವ್ಯಾಪಾರ." ಸಿಗಾರ್ ಎಂದು ತಿದ್ದಿದರೆ, ಉದ್ದ ಇದ್ದರೆ ಚುಟ್ಟಾ ಅಲ್ಲವೇ ಎಂದರು. ಆವತ್ತಿನಿಂದ ಡಬ್ಬ ಇರುವ ನನ್ನ ರೂಮಿಗೆ ಕಾಲಿಟ್ಟಿಲ್ಲ. ನೋವಾಗುತ್ತದೆ. ಪ್ರಮೋಷನ್ ಬೇಡ, ಏನೂ ಬೇಡ. ಯಾರಾದರೂ ಕೇಳಿದಾಗ ಒಂದೇ ಒಂದು ಸಲ ನಿಜ ಹೇಳಲಿ, ಸಾಕು.

ಮಾರ್ಚ್ 9, ಭಾನುವಾರ

ದೊಡ್ಡ ಆರ್ಡರ್! ಚಿಕ್ಕನಾಯಕನಹಳ್ಳಿಯ ಕ್ರಷರ್ ಭೀಮರಾಜು ಅವರ ಅರವತ್ತರ ಪಾರ್ಟಿ, ಇಪ್ಪತ್ತೆರಡಕ್ಕೆ, ತೋಟದ ಮನೆಯಲ್ಲಿ. ಸಿಗಾರ್ ಕೌಂಟರ್ ಪೂರ್ತಿ ನನ್ನದು. ಅಪ್ಪಾಜಿಯನ್ನೂ ಕರೆದಿದ್ದಾರೆ, ಅವರು ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಕಾಲದ ಗೆಳೆತನ.

ನಾಳೆಯಿಂದ ಟ್ರೈನಿಂಗ್, ಆಮೇಲೆ ಮಂಗಳೂರು. ಪಾರ್ಟಿಯ ಮಾಲಿನಿಂದ ಡಬ್ಬ ತುಂಬಿದೆ, ಸ್ಪಂಜೂ ತುಂಬಿದೆ. ಯಾರೂ ತೆಗೆಯಬೇಡಿ ಎಂದು ಅಮ್ಮನಿಗೆ ಹೇಳಿದ್ದೇನೆ. ಹೂಂ ಎಂದಳು, ಟೀವಿ ನೋಡುತ್ತಾ.

ಮಾರ್ಚ್ 21, ಶುಕ್ರವಾರ

ಬಂದೆ. ಡಬ್ಬ ಖಾಲಿ.

ಅಮ್ಮ ಅಟ್ಟದ ಕಡೆ ಕೈ ತೋರಿಸಿದಳು. ನಾನು ಹೋದ ಮೂರನೇ ದಿನಕ್ಕೇ ಅಪ್ಪಾಜಿ ಅವಳ ಕೈಯಲ್ಲಿ ಡಬ್ಬ ಹೊರಗೆ ತರಿಸಿದ್ದಾರೆ. ಹಂಚಿನ ಕೆಳಗೆ, ಕೊಬ್ಬರಿಯ ಪಕ್ಕ, ಗೋಣಿಚೀಲದ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿದ್ದಾರೆ. ಎಷ್ಟು ಮುತುವರ್ಜಿ... ಪಟ್ಟಿಗಳೆಲ್ಲ ಒಂದೇ ಕಡೆಗೆ.

"ಏನೇ ಅದು, ಎಲೆಗೆ ನೀರು ಕುಡ್ಸಿ ಮುಚ್ಚಿಟ್ಟಿದ್ಯಲ್ಲ? ಬೂಷ್ಟು ಹಿಡ್ದು ಹಾಳಾಗೋಗವು. ಜೀವಮಾನೆಲ್ಲ ಒಣಗ್ಸೋ ಕಸುಬು ಮಾಡಿರೋನು, ನೋಡ್ಕಂಡು ಸುಮ್ನಿರಕಾಯ್ತದಾ?"

ಒಂದನ್ನು ತೆಗೆದು ನನ್ನ ಕಿವಿಯ ಹತ್ತಿರ ಹಿಡಿದು ಒತ್ತಿದರು. ಚರಚರ.

"ಕೇಳುಸ್ತಾ? ಸದ್ದು ಬತ್ತೈತೆ. ಈಗ ತಗಂಡೋಗು."

ಕಣ್ಣಲ್ಲಿ ನೀರು ಬಂತು. ಅಟ್ಟದ ದೂಳು ಎಂದೆ. ಪಾರ್ಟಿ ನಾಳೆ. ಬೆಂಗಳೂರಿನಲ್ಲೂ ಸ್ಟಾಕ್ ಇಲ್ಲ, ಹಡಗಿನ ಮಾಲು ಏಪ್ರಿಲ್‌ಗೆ. ಕೂಗಾಡಬೇಕಿತ್ತು. ಆದರೆ ಅಪ್ಪಾಜಿ ನನ್ನ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು. ಒಂದೊಂದಾಗಿ ಎತ್ತಿ ಮತ್ತೆ ಡಬ್ಬಕ್ಕೆ ತುಂಬಿಕೊಂಡೆ.

ಮಾರ್ಚ್ 23, ಭಾನುವಾರ

ನಿನ್ನೆಯದು ಬರೆಯಬೇಕು.

ಸಂಜೆ ಕೌಂಟರ್ ಹಾಕಿದೆ. ಎರಡು ಸಿಗಾರ್ ಕೊಡುವಾಗಲೇ ಸೀಳಿದವು, ಎತ್ತಿಟ್ಟುಕೊಂಡೆ. ಉಳಿದವು ಹೋಗಿಯೇ ಹೋದವು. ಎಲ್ಲರೂ ಹಿಡಿದರು, ನಿಂತರು, ಫೋಟೋ ತೆಗೆಸಿಕೊಂಡರು. ಹಚ್ಚಿದವರು ಕೆಮ್ಮಿದರು — ಅಸಲಿ ಮಾಲು ಎಂದರೆ ಕೆಮ್ಮು ಬರಲೇಬೇಕು ಎಂದುಕೊಂಡರೋ ಏನೋ. ಭೀಮರಾಜು ಅವರಂತೂ ಮಗನ ರಿಸೆಪ್ಷನ್‌ಗೂ ಇದೇ ಇರಲಿ ಎಂದರು. ನನ್ನ ಎಮರ್ಜಿಂಗ್ ಮಾರ್ಕೆಟ್!

ಶಿವಮೂರ್ತಿ ಡಾಕ್ಟ್ರೂ ಬಂದಿದ್ದರು. ಹಚ್ಚಿದರು. ಒಂದು ಸಲ ಎಳೆದು ನನ್ನ ಹತ್ತಿರ ಬಗ್ಗಿ, "ಒಣಗೋಗಿದೆ ಕಣಮ್ಮ" ಎಂದರು.

ಹಿಂದೆಯೇ ಅಪ್ಪಾಜಿ, ಚಿಕ್ಕರಂಗಯ್ಯನವರ ಜೊತೆ, ಊಟ ಮುಗಿಸಿ ಬಂದು ನಿಂತಿದ್ದಾರೆ. ನಮ್ಮ ಮನೆಯಲ್ಲಿ ಒಣಗಿದೆ ಎಂಬ ಮಾತಿಗಿಂತ ದೊಡ್ಡ ಹೊಗಳಿಕೆ ಇಲ್ಲ.

"ಒಣಗ್ದೆ ಇನ್ನೇನ್ರೀ ಡಾಕ್ಟ್ರೇ, ನಮ್ಮಟ್ಟದ ಮಾಲು. ಸಿಗಾರ್ ಮಾರೋದು ನನ್ ಮಗಳು. ಒಣಗ್ಸಿದ್ದು ನಾನು."

ಎಲ್ಲರಿಗೂ ಕೇಳುವ ಹಾಗೆ. ಚುಟ್ಟಾ ಅನ್ನಲಿಲ್ಲ. ಸಿಗಾರ್ ಎಂದರು.

ಡಾಕ್ಟ್ರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಭಾಳ ಚೆನ್ನಾಗಿ ಒಣಗಿಸಿದ್ದೀರ ಎಂದು ಹೇಳಿ, ಅಲ್ಲೇ ಕುರ್ಚಿ ಎಳೆದುಕೊಂಡು, ಆ ಸೌದೆಯನ್ನು ಕೊನೆಯವರೆಗೂ ಸೇದಿದರು.

ಬೇಡಿದ್ದು ಸಿಕ್ಕಿತು. ಆದರೆ ಸಿಕ್ಕಿದ್ದು ಅಪ್ಪಾಜಿಯ ತಪ್ಪು ತಿಳುವಳಿಕೆಯ ಮೇಲೆ. ಬಿಸಿ ತುಪ್ಪ — ನುಂಗುವಂತಿಲ್ಲ, ಉಗುಳುವಂತಿಲ್ಲ. ನಿಜ ಹೇಳಿದರೆ ಮತ್ತೆ ಎಕ್ಸ್‌ಪೋರ್ಟ್ ಕಂಪನಿಯೇ ಗತಿ. ಹೇಳದಿದ್ದರೆ ಮುಂದಿನ ಮಾಲೂ ಅಟ್ಟಕ್ಕೆ.

ಏಪ್ರಿಲ್ 4, ಶುಕ್ರವಾರ. ಸಂಜೆ

ಮಧ್ಯಾಹ್ನ ಪಾರ್ಸೆಲ್ ಬಂತು. ನಾನು ಕತ್ತರಿ ಹುಡುಕುವುದರೊಳಗೆ ಅಪ್ಪಾಜಿ ಏಣಿ ಹಾಕಿದ್ದರು. ಅಟ್ಟದ ಮೂಲೆ ಗುಡಿಸಿದ್ದಾರೆ, ಹೊಸ ಗೋಣಿ ಹಾಸಿದ್ದಾರೆ. ಕೊಡು ಇತ್ತ ಎಂದು ಕೈ ಚಾಚಿದರು.

ಹೇಳಿಬಿಟ್ಟೆ. ಒಂದೇ ಉಸಿರಿಗೆ. ಇದಕ್ಕೆ ತೇವ ಬೇಕು, ಅದಕ್ಕೇ ಸ್ಪಂಜು, ಅದಕ್ಕೇ ರಾಜಣ್ಣನ ಬ್ಯಾಟರಿ ನೀರು, ಸದ್ದು ಬರಬಾರದು ಅಪ್ಪಾಜಿ ಎಂದೆ.

ಏಣಿಯ ಮೇಲಿಂದ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡರು.

"ಹಂಗಾರೆ ಅವತ್ತು ಡಾಕ್ಟ್ರು ಹೊಗಳಿದ್ದಲ್ವಾ?"

ಅಲ್ಲ ಎಂದೆ. ಇಳಿದು ಬಂದರು. ಗೋಣಿ ಮಡಿಚಿಟ್ಟರು. ಕಾಫಿಯನ್ನೂ ಕುಡಿಯದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಅಮ್ಮ ನನ್ನನ್ನು ನೋಡಿದ ನೋಟ... ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹೇಳಬಾರದಿತ್ತೇನೋ. ಯಾರಿಗೆ ಏನು ನಷ್ಟವಾಗುತ್ತಿತ್ತು? ಹೇಗೂ ಯಾರೂ ಸೇದುವುದಿಲ್ಲ.

ಗೇಟಿನ ಸದ್ದು. ಬಂದರು. ಕೈಯಲ್ಲಿ ರಾಜಣ್ಣನ ಅಂಗಡಿಯ ಕ್ಯಾನ್!

ನನ್ನ ಮುಂದೆಯೇ ಹಾದು ಹೋಗುತ್ತಾ, "ಯಾಕೆ ಅಂದ ರಾಜಣ್ಣ. ಮಗಳ ಸಿಗಾರಿಗೆ ಅಂದೆ" ಎಂದರು. ಅಷ್ಟೇ. ನೇರ ನನ್ನ ರೂಮಿಗೆ ಹೋದರು. ಒಳಗೆ ಡಬ್ಬದ ಮುಚ್ಚಳ ತೆಗೆದ ಸದ್ದು. ಕರೆಯುತ್ತಿದ್ದಾರೆ — ಎಷ್ಟು ಹುಯ್ಯಬೇಕಂತೆ.

ಬಂದೆ ಅಪ್ಪಾಜಿ, ಎರಡೇ ಮುಚ್ಚಳ, ಜಾಸ್ತಿ ಹಾಕಿದರೆ ಬೂಷ್ಟು —