ಬೋಗುಣಿ ಮುಚ್ಚಿದ ಮೋಡೆಮ್

ಸವಿತಾ,

ನೀನು ಗಾರ್ಮೆಂಟ್ಸ್‌ನಿಂದ ಬರುವಷ್ಟರಲ್ಲಿ ನಾನು ಹೊರಟಿರುತ್ತೇನೆ. ತಾರಸಿಯ ಮೇಲಿನ ಉಪಗ್ರಹ ಮೋಡೆಮ್‌ಗೆ ನೀನು ಮುಚ್ಚಿದ್ದ ಸ್ಟೀಲ್ ಬೋಗುಣಿ ತೆಗೆದಿದ್ದೇನೆ. ಅದಕ್ಕೆ ಬಯಲು ಆಕಾಶ ಕಾಣಬೇಕು ಅಂತ ಎಷ್ಟು ಸಲ ಬಡಿದುಕೊಂಡೆ! "ಮಳೀಗೆ ತೊಯ್ತದಲ್ರೀ" ಅನ್ನಬೇಡ. ಆ ಡಬ್ಬಿಯೊಳಗೆ ನೀರಿಳಿಯುವುದಿಲ್ಲ.

ತೆಗೆದ ಕೂಡಲೇ ತಮ್ಮ ಯಮನೂರನ ಮೂರು ಮೆಸೇಜ್ ಒಟ್ಟಿಗೆ ಬಂದವು. ಹಳ್ಳದ ನೀರು ಅಳೆಯುವ ಪೆಟ್ಟಿಗೆ ಕೂರಿಸಲು ಮೊಬೈಲ್ ಸಿಗ್ನಲ್ ಸಿಗದ ಕಾಡಿಗೆ ಹೋದವನು ಬಂಡೆಯಿಂದ ಜಾರಿ ಕಾಲು ಮುರಿದುಕೊಂಡಿದ್ದಾನೆ. ಮೂರೂ ಅವನ ಹತ್ತಿರವಿರುವ ಇಂಥದೇ ಮೋಡೆಮ್‌ನಿಂದ ಮೊನ್ನೆ ಕಳಿಸಿದವು. ಕೊನೆಯದರಲ್ಲಿ, "ಅಣ್ಣಾ, ನೀರು ಏರಾಕತ್ತೈತಿ."

ಅಲ್ಲಿನ ಠಾಣೆಗೆ ಫೋನ್ ಮಾಡಿದ್ದೇನೆ. "ಬರ್ತಿದ್ದೀನಿ" ಅಂತ ಅವನಿಗೂ ಕಳಿಸಿದ್ದೇನೆ. ಉತ್ತರವಿಲ್ಲ.

ಅವ್ವನ ಮುಂದೆ ಬೋಗುಣಿಯ ವಿಷಯ ಎತ್ತಬೇಡ. ಮೈದುನನ ಸಾಮಾನು ನೆನೆಯದಿರಲಿ ಅಂತ ನೀನು ಮುಚ್ಚಿದ್ದು, ಗೊತ್ತು. ಎರಡು ದಿನ ಸುದ್ದಿ ಇಲ್ಲದಿದ್ದರೂ ಮೋಡ ಜಾಸ್ತಿ ಇರಬೇಕು ಅಂದುಕೊಂಡು ಪೀಣ್ಯದ ವರ್ಕ್‌ಶಾಪಿನಲ್ಲೇ ಬಿದ್ದಿದ್ದವನು ನಾನು. ಒಂದು ಸಲ ಮೇಲೆ ಹತ್ತಿ ನೋಡಲಿಲ್ಲ.

ಅವ್ವನ ಬಿ.ಪಿ. ಮಾತ್ರೆ ಫ್ರಿಜ್ ಮೇಲಿದೆ. ಮೋಡೆಮ್ ಬ್ಯಾಟರಿ ಸಂಜೆಗೆ ಬದಲಿಸು. ಅವನ ಮೆಸೇಜ್ ಬಂದು ಹಸಿರು ದೀಪ ಮಿನುಗಿದರೆ ತಕ್ಷಣ ನನಗೆ ಫೋನ್ ಮಾಡು.

ಮಿನುಗದಿದ್ದರೂ ಅದನ್ನು ಒಳಗೆ ತರಬೇಡ.

ರೇವಣಸಿದ್ದ